ತಟ್ಟೆಯಲ್ಲಿ ಏನಿದೆ ಎಂದು ಹೇಳುವ ಹೊಣೆ ಯಾರದು?

ವರ್ಷಕ್ಕೆ ಎರಡು ಸಲ ದೆಹಲಿ ಗೋಧಿಯನ್ನು ಬಿಡುತ್ತದೆ. ಚೈತ್ರದ ನವರಾತ್ರಿಯಲ್ಲೊಮ್ಮೆ, ಆಶ್ವಯುಜದ ನವರಾತ್ರಿಯಲ್ಲೊಮ್ಮೆ. ಆ ದಿನಗಳಲ್ಲಿ ಸರೋಜಿನಿ ನಗರದ ದಿನಸಿ ಅಂಗಡಿಗಳ ಮುಂದೆ ಕುಟ್ಟು ಹಿಟ್ಟು, ಸಿಂಘಾಡ ಹಿಟ್ಟು, ರಾಜಗಿರಿ, ಸಾಬೂದಾನ, ‘ಸಾಮಾ ಅಕ್ಕಿ’ ಎಂಬ ಹೆಸರಿನಲ್ಲಿ ನಮ್ಮ ಊದಲು, ಸೈಂಧವ ಲವಣ ಇವುಗಳ ಪೊಟ್ಟಣಗಳು ಸಾಲಾಗಿ ಕೂರುತ್ತವೆ. ಹೋಟೆಲುಗಳು ‘ವ್ರತದ ಥಾಲಿ’ಯ ಬೋರ್ಡು ಹಾಕುತ್ತವೆ. ಅದಕ್ಕೆ ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಪಾತ್ರೆ. ಗಿರಾಕಿ ಯಾರನ್ನೂ ಕಾಡಿಬೇಡಬೇಕಿಲ್ಲ, ತನ್ನ ವ್ರತಕ್ಕೆ ಕಾರಣ ಕೊಡಬೇಕಿಲ್ಲ. ಬೋರ್ಡು ಓದಿ ಕೂತು ಉಂಡು ಹೋದರಾಯಿತು.

ಹತ್ತನೆಯ ದಿನ ಬೋರ್ಡು ಇಳಿಯುತ್ತದೆ. ಮರುದಿನ ಅದೇ ಹೋಟೆಲಿಗೆ ಒಬ್ಬ ಹುಡುಗಿ ಬಂದು, ‘ನನಗೆ ಗೋಧಿ ಆಗುವುದಿಲ್ಲ, ವೈದ್ಯರು ಬಿಡಿಸಿದ್ದಾರೆ, ಬೇರೆ ಬಾಣಲೆಯಲ್ಲಿ ಏನಾದರೂ ಮಾಡಿಕೊಡುತ್ತೀರಾ’ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಅದೆಲ್ಲ ಆಗುವುದಿಲ್ಲ. ನಂಬಿಕೆಗಾಗಿ ಒಂಬತ್ತು ದಿನ ಸರಾಗವಾಗಿ ನಡೆಯುವ ಏರ್ಪಾಟು ಆರೋಗ್ಯದ ಹೆಸರಿನಲ್ಲಿ ಒಂದು ಹೊತ್ತಿಗೂ ನಡೆಯುವುದಿಲ್ಲ. ಅಡುಗೆಮನೆಗೆ ಶಕ್ತಿ ಇದೆ ಎಂಬುದು ಇಲ್ಲಿಗೆ ಖಚಿತವಾಯಿತು. ಕೊರತೆ ಇರುವುದು ಬೇರೆ ಕಡೆ. ಅದು ಎಲ್ಲಿ, ಅದನ್ನು ತುಂಬುವವರು ಯಾರು ಎಂಬುದೇ ಈ ಬರಹದ ವಿಷಯ.

ಕರ್ನಾಟಕದವರಿಗೆ ಸರೋಜಿನಿ ನಗರ ಅಪರಿಚಿತ ಜಾಗವೇನಲ್ಲ. ಮೊದಲು ವಿನಯ ನಗರ ಎಂದಿದ್ದ ಈ ಬಡಾವಣೆ ಕೇಂದ್ರ ಸರ್ಕಾರಿ ನೌಕರರ ವಸತಿಗಾಗಿ ಬೆಳೆದದ್ದು. ವರ್ಗವಾಗಿ ಬಂದ ಎಷ್ಟೋ ದಕ್ಷಿಣದ ಕುಟುಂಬಗಳು ಇಲ್ಲಿಯ, ಪಕ್ಕದ ರಾಮಕೃಷ್ಣಪುರದ ಕ್ವಾರ್ಟರ್ಸುಗಳಲ್ಲಿ ಬಾಳಿವೆ. ದೆಹಲಿ ನೋಡಲು ಬಂದವರು ಅಗ್ಗದ ಬಟ್ಟೆಗೆಂದು ಇಲ್ಲಿಯ ಮಾರುಕಟ್ಟೆಗೆ ತಪ್ಪದೆ ಬರುತ್ತಾರೆ; 2018ರಲ್ಲಿ ಪಿಂಕ್ ಲೈನ್ ಮೆಟ್ರೋ ಬಂದ ಮೇಲಂತೂ ಬರುವುದು ಇನ್ನೂ ಸುಲಭ. ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ಇಲ್ಲಿಂದ ಹತ್ತಿರ. ಚಿಕಿತ್ಸೆಗೆ ಬಂದವರು, ಪರೀಕ್ಷೆ ಬರೆಯಲು ಬಂದವರು, ಕಚೇರಿ ಕೆಲಸಕ್ಕೆ ಬಂದವರು, ಎಲ್ಲರೂ ಈ ಸುತ್ತಿನಲ್ಲೇ ಊಟ ಹುಡುಕುತ್ತಾರೆ.

ಅವರು ದಾಟಿ ಬಂದ ಗಡಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಊಟದ ಲೆಕ್ಕದಲ್ಲಿ ಅದು ಪರದೇಶದ ಗಡಿಯೇ. 2016ರಲ್ಲಿ ಅಮೆರಿಕನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಭಾರತದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿತು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಈಶಾನ್ಯದವರು 37 ಗ್ರಾಂ, ದಕ್ಷಿಣದವರು ಬರೀ 25 ಗ್ರಾಂ ತಿನ್ನುತ್ತಿದ್ದರು. ಗೋಧಿ ಒಗ್ಗದಂತೆ ಮಾಡುವ ಸೀಲಿಯಾಕ್ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರ ರಕ್ತದಲ್ಲಿ ಕಂಡರೆ ದಕ್ಷಿಣದಲ್ಲಿ ಕಂಡದ್ದು ಶೇ. 0.10 ಜನರಲ್ಲಿ. ಆದರೆ ಈ ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಇದ್ದವು. ಈ ವ್ಯತ್ಯಾಸಕ್ಕೆ ತಿನ್ನುವ ಗೋಧಿಯ ಪ್ರಮಾಣವೇ ಮುಖ್ಯ ಕಾರಣವಿರಬೇಕು ಎಂಬುದು ಅಧ್ಯಯನದವರ ಅಭಿಪ್ರಾಯ. ದಕ್ಷಿಣದ ದೇಹ ಬೇರೆಯದಲ್ಲ, ದಕ್ಷಿಣದ ತಟ್ಟೆ ಬೇರೆ.

ಹಾಲಿನ ವಿಷಯದಲ್ಲೂ ಇಂಥದ್ದೇ ಗಡಿ ಇದೆ. 1981ರಲ್ಲಿ ಅಮೆರಿಕನ್ ಜರ್ನಲ್ ಆಫ್ ಕ್ಲಿನಿಕಲ್ ನ್ಯೂಟ್ರಿಷನ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ ದೆಹಲಿಯಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಶೇ. 27.4 ಮಂದಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗುತ್ತಿರಲಿಲ್ಲ. ತಿರುವನಂತಪುರ ಮತ್ತು ಪುದುಚೇರಿಯವರಲ್ಲಿ ಆ ಸಂಖ್ಯೆ ಶೇ. 66.6. ಲೋಟದಲ್ಲಿ ಅರ್ಧ ನೀರು, ಅರ್ಧ ಹಾಲಿನ ಕಾಫಿ ಕುಡಿದು ನೆಮ್ಮದಿಯಾಗಿರುವ ದಕ್ಷಿಣದ ಹೊಟ್ಟೆ, ಬೆಳಿಗ್ಗೆ ಲಸ್ಸಿ, ಮಧ್ಯಾಹ್ನ ಪನೀರ್, ರಾತ್ರಿ ಮಖನಿ ಇರುವ ಊರಿಗೆ ಬಂದಾಗ ಕಷ್ಟಪಟ್ಟರೆ ಅದು ಜಂಬವಲ್ಲ.

ಗೋಧಿ ಮತ್ತು ಹಾಲು ಎರಡನ್ನೂ ಒಟ್ಟಿಗೆ ಬಿಡಬೇಕಾದವರು ಯಾಕಿರುತ್ತಾರೆ ಎಂಬುದಕ್ಕೆ ಕರುಳೊಳಗೇ ಉತ್ತರವಿದೆ. ಸೀಲಿಯಾಕ್ ಕಾಯಿಲೆ ಇರುವವರು ಗೋಧಿ, ಬಾರ್ಲಿ, ರೈ ಧಾನ್ಯಗಳನ್ನು ತಿಂದಾಗ ಅವುಗಳಲ್ಲಿರುವ ಗ್ಲುಟೆನ್‌ಗೆ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಆ ಪದರದ ತುಂಬ ಇರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ಮಕ್ಕಳು ಎತ್ತರಕ್ಕೆ ಬೆಳೆಯುವುದಿಲ್ಲ, ದೊಡ್ಡವರಿಗೆ ಎಷ್ಟು ಔಷಧಿ ಕೊಟ್ಟರೂ ರಕ್ತಹೀನತೆ ಬಿಡುವುದಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ಈ ಚಾಚುಗಳ ತುದಿಯಲ್ಲೇ. ಚಾಚು ಸವೆದಾಗ ಹಾಲೂ ಒಗ್ಗದಾಗುತ್ತದೆ. ಗೋಧಿ ಪೂರ್ತಿ ಬಿಟ್ಟು ಕರುಳು ಚೇತರಿಸಿಕೊಂಡ ಮೇಲೆ ಹಲವರಿಗೆ ಹಾಲು ಮತ್ತೆ ಒಗ್ಗುತ್ತದೆ. ಅಲ್ಲಿಯವರೆಗೆ ಎರಡೂ ದೂರ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರದು ಇನ್ನೊಂದೇ ಕಥೆ. ಅವರಿಗೆ ಒಂದು ಚಮಚ ಮೊಸರೂ ಅಪಾಯ ತರಬಹುದು.

ಸೀಲಿಯಾಕ್ ಕಾಯಿಲೆಗೆ ಇಂದಿಗೂ ಮಾತ್ರೆ ಇಲ್ಲ, ಪಥ್ಯವೇ ಮದ್ದು. ಗೋಧಿಯೇ ಇದರ ಮೂಲ ಎಂದು ಕಂಡುಹಿಡಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಮಹಾಯುದ್ಧಕ್ಕೆ ಮೊದಲೇ ಅವರಿಗೆ ಗುಮಾನಿ ಇತ್ತು. 1944–45ರ ಚಳಿಗಾಲದಲ್ಲಿ ದೇಶಕ್ಕೆ ದೇಶವೇ ಬ್ರೆಡ್ಡಿಲ್ಲದೆ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದ್ದು ಆ ಗುಮಾನಿಯನ್ನು ಗಟ್ಟಿ ಮಾಡಿತು. 1950ರಲ್ಲಿ ಅವರ ಪ್ರಬಂಧ ಬಂತು. ಉತ್ತರ ಭಾರತದ ಮಕ್ಕಳಲ್ಲೂ ಈ ಕಾಯಿಲೆ ಇದೆ ಎಂದು ನಮ್ಮ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು 1966ರಲ್ಲಿ. ಎಂದರೆ ಇದು ನಿನ್ನೆ ಮೊನ್ನೆ ಜಾಹೀರಾತಿನಿಂದ ಹುಟ್ಟಿದ ಸಮಸ್ಯೆಯಲ್ಲ.

ಇಲ್ಲಿ ಪ್ರಮಾಣದ ಮಾತು ಬಹಳ ಮುಖ್ಯ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಸಾಕು, ಕರುಳಿಗೆ ಹಾನಿಯಾಗುತ್ತದೆ ಎಂದು 2007ರ ಒಂದು ಅಧ್ಯಯನ ತೋರಿಸಿದೆ. ಒಂದು ತುಂಡು ಬ್ರೆಡ್ಡಿನಲ್ಲಿ ಇದರ ಎಷ್ಟೋ ಪಾಲು ಹೆಚ್ಚು ಗ್ಲುಟೆನ್ ಇರುತ್ತದೆ. ಹಾಗಾಗಿ ರೊಟ್ಟಿ ತಿನ್ನದಿದ್ದರೆ ಸಾಲದು. ರೊಟ್ಟಿ ಮುಟ್ಟಿದ ಕೈ, ಹಿಟ್ಟು ಉದುರಿದ ಮಣೆ, ಪೂರಿ ಕರಿದ ಎಣ್ಣೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಒಂಚೂರು ತಿನ್ನಮ್ಮ, ಏನೂ ಆಗಲ್ಲ’ ಎಂಬ ಪ್ರೀತಿಯ ಮಾತು ಈ ಕಾಯಿಲೆಯವರ ಪಾಲಿಗೆ ಅತ್ಯಂತ ಅಪಾಯದ ಮಾತು. ತಿಂದ ಕೂಡಲೇ ಏನೂ ಆಗದೆ ಇರಬಹುದು, ಒಳಗಿನ ಸವೆತ ಮಾತ್ರ ನಡೆದೇ ಇರುತ್ತದೆ.

ಇನ್ನು ಸರೋಜಿನಿ ನಗರದ ಬೀದಿಗೆ ಬರೋಣ. ಛೋಲೆ ಭಟೂರೆ, ಕುಲ್ಚಾ, ಮೋಮೊ, ಪಾಪ್ಡಿ ಚಾಟ್, ಗೋಲ್‌ಗಪ್ಪ ಎಲ್ಲದರಲ್ಲೂ ಮೈದಾ, ಹಿಟ್ಟು ಅಥವಾ ರವೆ ಕಣ್ಣಿಗೇ ಕಾಣುತ್ತದೆ. ಅವು ಅಪಾಯಕಾರಿಯಲ್ಲ, ಏಕೆಂದರೆ ಅವನ್ನು ಬಿಡುವುದು ಸುಲಭ. ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ಅನ್ನ ಮತ್ತು ದಾಲ್ ಮಾತ್ರ ಕೊಡಿ ಎಂದರೆ, ದಾಲಿನ ಒಗ್ಗರಣೆಗೆ ಇಂಗು ಬೀಳುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಕೂಡಿಸಿದ ಇಂಗಿನಲ್ಲಿ ಗೋಂದಿನ ಜೊತೆಗೆ ಹಲವೊಮ್ಮೆ ಗೋಧಿ ಹಿಟ್ಟು ಇರುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ, ಆದರೆ ಡಬ್ಬಿ ಇರುವುದು ಅಡುಗೆಮನೆಯೊಳಗೆ. ದಾಲ್ ಮೇಲೆ ಬೆಣ್ಣೆಯ ಉಂಡೆ, ಅನ್ನದ ಮೇಲೆ ತುಪ್ಪ, ತರಕಾರಿಯ ಗ್ರೇವಿಯಲ್ಲಿ ಕೆನೆ. ಈ ಊರಿನ ಅಡುಗೆಯವರ ಕಣ್ಣಿಗೆ ಇವು ಪದಾರ್ಥಗಳೇ ಅಲ್ಲ, ಗೌರವದ ಗುರುತುಗಳು. ಹಾಲಿನದ್ದೇನಾದರೂ ಹಾಕಿದ್ದೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ತುಪ್ಪ, ಕೆನೆ, ಖೋವಾ ಎಂದು ಒಂದೊಂದನ್ನೇ ಹೆಸರಿಟ್ಟು ಕೇಳಿದರೆ ಹೌದು ಎನ್ನುತ್ತಾರೆ. ಎರಡೂ ಉತ್ತರ ಪ್ರಾಮಾಣಿಕವೇ.

ಕನ್ನಡಿಗರು ಇಂಥ ಹೊತ್ತಿನಲ್ಲಿ ದಕ್ಷಿಣದ ಹೋಟೆಲು ಹುಡುಕಿ ನಿಟ್ಟುಸಿರು ಬಿಡುತ್ತಾರೆ. ಅಕ್ಕಿ ಇಡ್ಲಿ ನಿಜಕ್ಕೂ ದೊಡ್ಡ ಆಸರೆ: ಅಕ್ಕಿ, ಉದ್ದು, ಉಪ್ಪು, ಆವಿ. ಆದರೆ ಅದೇ ಹೋಟೆಲಿನ ರವೆ ಇಡ್ಲಿಯಲ್ಲಿ ಗೋಧಿಯೂ ಇದೆ, ಮೊಸರೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂಟಿಆರ್ ಅದನ್ನು ರೂಪಿಸಿತು ಎಂಬುದು ಆ ಹೋಟೆಲಿನವರೇ ಹೇಳುವ ಇತಿಹಾಸ. ಉಪ್ಪಿಟ್ಟು, ಕೇಸರಿಬಾತು, ಗೋಳಿಬಜೆ, ರವೆ ದೋಸೆ ಎಲ್ಲದರಲ್ಲೂ ಗೋಧಿ ಬೇರೆ ಬೇರೆ ವೇಷದಲ್ಲಿ ಕೂತಿದೆ. ಮಸಾಲೆ ದೋಸೆಯ ಹಿಟ್ಟು ಶುದ್ಧವಾಗಿದ್ದರೂ ಅದೇ ಕಾವಲಿಯ ಮೇಲೆ ಸ್ವಲ್ಪ ಮುಂಚೆ ರವೆ ದೋಸೆ ಹುಯ್ದಿರುತ್ತಾರೆ. ಸಾಂಬಾರಿಗೆ ಮತ್ತದೇ ಇಂಗು. ಊರಿನ ರುಚಿ ಸಿಕ್ಕಿತೆಂದು ಎಚ್ಚರ ತಪ್ಪುವುದು ಇಲ್ಲೇ.

ವ್ರತದ ಊಟದ ಬಗ್ಗೆಯೂ ನಮ್ಮವರಿಗೆ ಒಂದು ತಪ್ಪು ಅಂದಾಜು ಇರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಶನಿವಾರದ, ಏಕಾದಶಿಯ ಪಲಾರ ಎಂದರೆ ಅನ್ನ ಬಿಟ್ಟು ಉಪ್ಪಿಟ್ಟೋ ಚಪಾತಿಯೋ ತಿನ್ನುವುದು. ದೆಹಲಿಯ ವ್ರತ ಇದಕ್ಕೆ ತಿರುವುಮುರುವು. ಇಲ್ಲಿ ಗೋಧಿ ನಿಷಿದ್ಧ, ಹಾಲು ಮೊಸರು ಪನೀರು ಧಾರಾಳ. ಹಾಲು ಒಗ್ಗದವರಿಗೆ ವ್ರತದ ಥಾಲಿಯ ಅರ್ಧ ತಟ್ಟೆ ಖಾಲಿಯೇ. ಗೋಧಿ ಬೀಸುವ ಚಕ್ಕಿಯಲ್ಲೇ ಕುಟ್ಟು ಬೀಸಿದ್ದರೆ ಉಳಿದರ್ಧವೂ ಅನುಮಾನ. ಗೋಧಿಯನ್ನು ದೂರ ಇಡುವ ಶಿಸ್ತು ಈ ಊರಿಗೆ ಗೊತ್ತಿದೆ, ಆ ಶಿಸ್ತಿನ ಅಳತೆಗೋಲು ಮಾತ್ರ ಆರೋಗ್ಯದ್ದಲ್ಲ.

ಇಷ್ಟರ ನಡುವೆಯೂ ಈ ಬೀದಿಯಲ್ಲಿ ನಂಬಬಹುದಾದ ಊಟ ಉಂಟು. ಚಳಿಗಾಲದಲ್ಲಿ ಗಾಡಿಯ ಮೇಲೆ ಕೆಂಡದಲ್ಲಿ ಸುಟ್ಟು, ನಿಂಬೆಹಣ್ಣು ಹಿಂಡಿ ಕೊಡುವ ಗೆಣಸು. ಸುಟ್ಟ ಮುಸುಕಿನ ಜೋಳ. ಹೆಸರುಬೇಳೆ ರುಬ್ಬಿ ಕರಿದು, ಮೇಲೆ ಮೂಲಂಗಿ ತುರಿ ಹಾಕಿ ಕೊಡುವ ರಾಮ್ ಲಡ್ಡು. ಆ ಬಾಣಲೆಯಲ್ಲಿ ಬೇರೇನೂ ಕರಿಯದಿದ್ದರೆ, ಹಿಟ್ಟಿಗೆ ಇಂಗು ಬೀಳದಿದ್ದರೆ, ಅದೂ ಸೇರುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಂದೇ ಪದಾರ್ಥ ಮಾರುವ ಗಾಡಿಯವನು ನೂರು ಬಗೆ ಮಾಡುವ ಹವಾನಿಯಂತ್ರಿತ ಹೋಟೆಲಿಗಿಂತ ಹಲವೊಮ್ಮೆ ಹೆಚ್ಚು ಸುರಕ್ಷಿತ, ಏಕೆಂದರೆ ತಾನು ಮಾರುವುದರಲ್ಲಿ ಏನೇನಿದೆ ಎಂಬುದು ಅವನಿಗೆ ಪೂರ್ತಿ ಗೊತ್ತು. ಸುರಕ್ಷತೆ ಹಣದಿಂದ ಬರುವುದಿಲ್ಲ, ತಿಳಿವಿನಿಂದ ಬರುತ್ತದೆ.

ಹಾಗಿದ್ದರೆ ಕೇಳಿ ತಿಳಿದುಕೊಂಡರಾಯಿತಲ್ಲ ಎಂದು ಯಾರಾದರೂ ಹೇಳಬಹುದು. ನನ್ನ ವಾದದ ಮುಖ್ಯ ಭಾಗ ಇರುವುದು ಇಲ್ಲೇ. ನಮ್ಮ ಸಮಾಜದಲ್ಲಿ ಊಟದ ಬಗ್ಗೆ ಪ್ರಶ್ನೆ ಕೇಳುವುದು ಸರಳವಾದ ಕೆಲಸವಲ್ಲ. ‘ಇದನ್ನು ಯಾವ ಪಾತ್ರೆಯಲ್ಲಿ ಮಾಡಿದ್ದು? ಅದರಲ್ಲಿ ಮುಂಚೆ ಏನು ಮಾಡಿದ್ದಿರಿ? ಬಡಿಸುವ ಸೌಟು ಬೇರೆಯೇ?’ ಸೀಲಿಯಾಕ್ ಇರುವವರು ಕೇಳಲೇಬೇಕಾದ ಈ ಪ್ರಶ್ನೆಗಳು ಶತಮಾನಗಳ ಕಾಲ ಬೇರೆಯದೇ ಉದ್ದೇಶಕ್ಕೆ ಬಳಕೆಯಾದವು. ಯಾರ ಕೈಯ ನೀರು ಕುಡಿಯಬಹುದು, ಯಾರ ಪಂಕ್ತಿಯಲ್ಲಿ ಕೂರಬಹುದು ಎಂಬುದರಿಂದಲೇ ಮನುಷ್ಯರ ಅಂತಸ್ತನ್ನು ಅಳೆದ ನಾಡು ನಮ್ಮದು. ಹನ್ನೆರಡನೆಯ ಶತಮಾನದ ಶರಣರು ಒಟ್ಟಿಗೆ ಉಣ್ಣುವುದನ್ನೇ ಒಂದು ಹೋರಾಟವಾಗಿ ಮಾಡಬೇಕಾಯಿತು. ಕಳೆದ ಶತಮಾನದಲ್ಲೂ ಒಂದು ಜಾತಿಗೆ ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ದವು. ಹೀಗಿರುವಾಗ ಕರ್ನಾಟಕದಿಂದ ಬಂದ ಒಬ್ಬ ಯುವಕ ದೆಹಲಿಯ ಗೆಳೆಯನ ಮನೆಯಲ್ಲಿ ಪಾತ್ರೆಯ ಬಗ್ಗೆ ಕೇಳಿದರೆ, ಆ ಮನೆಯ ತಾಯಿಗೆ ಕೇಳಿಸುವುದು ರೋಗಿಯ ಆತಂಕವಲ್ಲ, ಮಡಿವಂತನ ತಿರಸ್ಕಾರ. ಅವರ ನೋವು ಸುಳ್ಳಲ್ಲ. ಅವನ ಅಗತ್ಯವೂ ಸುಳ್ಳಲ್ಲ.

ದೇವರ ಮುಂದೆಯಂತೂ ಇದು ಇನ್ನೂ ಬಿಗಿಯಾಗುತ್ತದೆ. ಸರೋಜಿನಿ ನಗರಕ್ಕೆ ಹತ್ತಿರದ ಮೋತಿ ಬಾಗ್ ಗುರುದ್ವಾರಕ್ಕೆ ಹೋದವರ ಅಂಗೈಗೆ ಬೀಳುವ ಕಡಾ ಪ್ರಸಾದ ಗೋಧಿ ಹಿಟ್ಟು, ತುಪ್ಪ, ಸಕ್ಕರೆಯದು. ನಮ್ಮ ಸತ್ಯನಾರಾಯಣ ಪೂಜೆಯ ಸಜ್ಜಿಗೆಯಲ್ಲಿ ಗೋಧಿ ರವೆ, ತುಪ್ಪ, ಹಾಲು, ಸಕ್ಕರೆ, ಬಾಳೆಹಣ್ಣು. ಇಬ್ಬರೂ ದೇವರಿಗೆ ಅರ್ಪಿಸಿದ್ದು ಗೋಧಿ, ಹಾಲು ಎಂಬ ಈ ಎರಡು ಪದಾರ್ಥಗಳನ್ನೇ, ನಮಗೆ ಸಮೃದ್ಧಿ ಎಂದರೆ ಅವೇ ಆದದ್ದರಿಂದ. ಅದನ್ನು ಬೇಡ ಎನ್ನುವ ಮಗು ದೇವರನ್ನೇ ಬೇಡ ಎಂದಂತೆ ಎಲ್ಲರೂ ನೋಡುತ್ತಾರೆ. ಆ ನೋಟ ತಡೆಯಲಾರದೆ ಎಷ್ಟೋ ಮಕ್ಕಳು ಬಾಯಿಗೆ ಹಾಕಿಕೊಂಡುಬಿಡುತ್ತಾರೆ.

ಆದ್ದರಿಂದ ನಾನು ಹೇಳುವುದಿಷ್ಟು: ಈ ಪ್ರಶ್ನೆಯ ಭಾರವನ್ನು ಪ್ರಯಾಣಿಕರ ಬಾಯಿಂದ ಇಳಿಸಿ ಮಾರುವವರ ಬೋರ್ಡಿನ ಮೇಲೆ ಇಡಬೇಕು. ಬರೆದಿಟ್ಟ ಮಾಹಿತಿ ಯಾರನ್ನೂ ಅವಮಾನಿಸುವುದಿಲ್ಲ. ಓದಿದವರ ಜಾತಿ, ಮತ, ಕಾಯಿಲೆ, ಕಾರಣ ಯಾವುದನ್ನೂ ಕೇಳುವುದಿಲ್ಲ. ಅಡುಗೆಯವರು ಸಂಶಯಕ್ಕೆ ಗುರಿಯಾಗುವುದಿಲ್ಲ, ಉಣ್ಣುವವರು ತಮ್ಮ ಕರುಳಿನ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಿಡಬೇಕಾಗುವುದಿಲ್ಲ. ಸಾಮಾಜಿಕವಾಗಿ ಇಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ವ್ಯಕ್ತಿಗಳ ಧೈರ್ಯಕ್ಕೂ ಮಾತಿನ ಚಾಕಚಕ್ಯತೆಗೂ ಬಿಡುವುದು ತಪ್ಪು. ಧೈರ್ಯ ಇಲ್ಲದವರಿಗೂ, ಹಿಂದಿ ಬಾರದವರಿಗೂ ಆರೋಗ್ಯದ ಹಕ್ಕಿದೆ.

ಇದಕ್ಕೆ ಎದುರಾಗುವ ವಾದಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಪಥ್ಯದವರು ಬುತ್ತಿ ಕಟ್ಟಿಕೊಂಡು ಬರಲಿ ಎಂಬುದು. ಬುತ್ತಿಯ ವಿಷಯದಲ್ಲಿ ನಮ್ಮ ನಾಡು ಶ್ರೀಮಂತವೇ. ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದರಲ್ಲಿ ಗೋಧಿಯೂ ಇಲ್ಲ, ಹಾಲೂ ಇಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ರಾಗಿ ಹುರಿಹಿಟ್ಟು. ಜೋಳವನ್ನೂ ರಾಗಿಯನ್ನೂ ಗೋಧಿ ಬೀಸದ ಗಿರಣಿಯಲ್ಲಿ ಬೀಸಿಸಿಕೊಂಡು, ಚಟ್ನಿಪುಡಿಗೂ ಅವಲಕ್ಕಿಗೂ ಇಂಗು ಹಾಕದಿದ್ದರೆ, ವಿದೇಶ ಪ್ರಯಾಣಕ್ಕೂ ಇದಕ್ಕಿಂತ ಒಳ್ಳೆಯ ಬುತ್ತಿ ಸಿಗುವುದು ಕಷ್ಟ. ಕರ್ನಾಟಕ ಎಕ್ಸ್‌ಪ್ರೆಸ್‌ನ ಎರಡು ರಾತ್ರಿಗೆ ಇದು ಧಾರಾಳ ಸಾಕು. ಏಮ್ಸ್‌ನಲ್ಲಿ ಮಗುವಿನ ಚಿಕಿತ್ಸೆ ಮೂರು ವಾರ ಹಿಡಿದರೆ? ಒಲೆ ಹಚ್ಚಲು ಬಿಡದ ಲಾಡ್ಜಿನ ಕೋಣೆಯಲ್ಲಿ ಉಳಿದವರಿಗೆ? ವಸತಿನಿಲಯದಲ್ಲಿದ್ದು ಎರಡು ವರ್ಷ ಓದುವವರಿಗೆ? ಬುತ್ತಿ ದಾರಿಗೆ ಸರಿ, ಬದುಕಿಗೆ ಸಾಲದು. ಅಲ್ಲದೆ ಎಲ್ಲರೂ ಒಟ್ಟಿಗೆ ಉಣ್ಣುವಾಗ ಒಬ್ಬರನ್ನು ಸದಾ ಡಬ್ಬಿಯೊಂದಿಗೆ ಮೂಲೆಯಲ್ಲಿ ಕೂರಿಸುವ ವ್ಯವಸ್ಥೆಯನ್ನು ಪರಿಹಾರ ಎಂದು ಕರೆಯಲಾಗದು.

ಎರಡನೆಯದು, ಇದೆಲ್ಲ ಶೋಕಿ ಎಂಬ ಮಾತು. ಕಾಯಿಲೆ ಇಲ್ಲದೆಯೂ ಗ್ಲುಟೆನ್ ಬಿಟ್ಟವರು ಊರಲ್ಲಿ ಇದ್ದಾರೆ ಎಂಬುದು ನಿಜ. ಅವರ ದೆಸೆಯಿಂದ ಅಂಗಡಿಗಳಲ್ಲಿ ಹೊಸ ಹಿಟ್ಟುಗಳು ಸಿಗುವಂತಾಯಿತು, ಜೊತೆಗೆ ನಿಜವಾದ ರೋಗಿಯ ಮಾತು ಹಗುರವೂ ಆಯಿತು. ‘ಜವೆ ಗೋಧಿ ತಿನ್ನಿ, ಅದು ಹಳೆಯ ತಳಿ, ಏನೂ ಮಾಡುವುದಿಲ್ಲ’ ಎಂಬ ಅಪಾಯಕಾರಿ ಸಲಹೆಯೂ ಈ ಗದ್ದಲದಲ್ಲೇ ಹಬ್ಬಿತು. ಜವೆ ಗೋಧಿ ನಮ್ಮ ಧಾರವಾಡದ ಕಡೆಯ ಹೆಮ್ಮೆಯ ಬೆಳೆ, ಅಲ್ಲಿಯ ಕೃಷಿ ವಿಶ್ವವಿದ್ಯಾಲಯ ಅದರ ಉತ್ತಮ ತಳಿಗಳನ್ನು ಕೊಟ್ಟಿದೆ. ಆದರೆ ಅದರಲ್ಲೂ ಗ್ಲುಟೆನ್ ಇದೆ, ಸೀಲಿಯಾಕ್ ಇರುವವರಿಗೆ ಅದೂ ವರ್ಜ್ಯ. ಶೋಕಿಗೆ ಮದ್ದು ಸರಿಯಾದ ಪರೀಕ್ಷೆ. ಅನುಮಾನ ಬಂದರೆ ಗೋಧಿ ಬಿಡುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟರೆ ಪ್ರತಿಕಾಯಗಳು ಇಳಿದು ಕಾಯಿಲೆ ಪರೀಕ್ಷೆಗೆ ಸಿಗದೆ ಹೋಗಬಹುದು. ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪವಾದ್ದರಿಂದ ವೈದ್ಯರಿಗೂ ಮೊದಲಿಗೆ ಹೊಳೆಯದೆ ಇರಬಹುದು. ಮನೆಯವರೇ ಕೇಳುವುದು ಒಳ್ಳೆಯದು.

ಮೂರನೆಯ ವಾದ ಹೆಚ್ಚು ತೂಕದ್ದು: ಸಣ್ಣ ವ್ಯಾಪಾರಿಯ ಮೇಲೆ ಇನ್ನೊಂದು ಹೊರೆ ಯಾಕೆ? ನಾನು ಕೇಳುತ್ತಿರುವುದು ಗ್ಲುಟೆನ್ ಇಲ್ಲದ ಅಡುಗೆ ಮಾಡಿ ಎಂದಲ್ಲ, ಪ್ರಯೋಗಾಲಯದ ಪ್ರಮಾಣಪತ್ರ ತನ್ನಿ ಎಂದೂ ಅಲ್ಲ. ತಾವು ಹಾಕಿದ್ದನ್ನು ಹೇಳಿ ಎಂದಷ್ಟೇ. ದಾಲಿನಲ್ಲಿ ಇಂಗಿದೆ, ಇಂಗಿನಲ್ಲಿ ಗೋಧಿ ಇದೆ, ಪಲ್ಯಕ್ಕೆ ತುಪ್ಪ ಹಾಕಿದೆ, ಎಣ್ಣೆ ಒಂದೇ. ಬೆಲೆಪಟ್ಟಿಯ ಪಕ್ಕದಲ್ಲಿ ಇಷ್ಟು ಬರೆಯಲು ಬಳಪ ಸಾಕು. ಒಂದು ಹೋಟೆಲಿನಲ್ಲಿ ತಿನ್ನಲು ಏನೂ ಇಲ್ಲ ಎಂದು ಮುಂಚೆಯೇ ಗೊತ್ತಾದರೆ ಅದೂ ದೊಡ್ಡ ಉಪಕಾರ.

ನಮ್ಮಲ್ಲಿ ಇದು ನಡೆಯದು ಎನ್ನುವವರಿಗೆ ನಮ್ಮದೇ ಉದಾಹರಣೆ ಇದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ. 2001ರಲ್ಲಿ ಬಂದ ನಿಯಮಗಳಿಂದ ಸಸ್ಯಾಹಾರ, ಮಾಂಸಾಹಾರದ ಗುರುತು ಕಡ್ಡಾಯವಾಗಿದೆ, ಓದು ಬಾರದವರೂ ಅದನ್ನು ನೋಡಿ ತಿಳಿಯುತ್ತಾರೆ. ಒಂದು ಆಹಾರ ನಿಯಮವನ್ನು ಕಾಯಲು ದೇಶವಿಡೀ ಮಾಹಿತಿಯ ವ್ಯವಸ್ಥೆ ಕಟ್ಟಿದವರಿಗೆ ಇನ್ನೊಂದನ್ನು ಕಟ್ಟುವುದು ಅಸಾಧ್ಯವಲ್ಲ. ಕಾನೂನು ಅರ್ಧ ದಾರಿ ನಡೆದೂ ಇದೆ. ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ‘ಗ್ಲುಟೆನ್ ಮುಕ್ತ’ ಎನ್ನಬಹುದೆಂಬ ನಿಯಮ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ್ದು; ಅಂತರರಾಷ್ಟ್ರೀಯ ಕೋಡೆಕ್ಸ್ ಅಳತೆಯೂ ಅದೇ. 2020ರ ಲೇಬಲ್ ನಿಯಮಾವಳಿಯಂತೆ ಪೊಟ್ಟಣದ ಆಹಾರದ ಮೇಲೆ ಗ್ಲುಟೆನ್ ಇರುವ ಧಾನ್ಯ, ಹಾಲು ಮುಂತಾದವನ್ನು ಹೆಸರಿಸಿ ಬರೆಯಲೇಬೇಕು. ಕೇಂದ್ರ ಪರವಾನಗಿ ಇರುವ, ಇಲ್ಲವೇ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳೂ ಈ ಮಾಹಿತಿ ಕೊಡಬೇಕು. ಎಂದರೆ ಮಾಲ್‌ನ ಪಿಜ್ಜಾ ಅಂಗಡಿ ಹೇಳಬೇಕು, ಬಡವರೂ ಮಧ್ಯಮ ವರ್ಗದವರೂ ಉಣ್ಣುವ ಊಟದ ಹೋಟೆಲು ಹೇಳಬೇಕಿಲ್ಲ. ಮಾಹಿತಿ ಹೆಚ್ಚು ಬೇಕಾದ ಕಡೆಯೇ ಕಾನೂನು ಕೈಬಿಟ್ಟಿದೆ.

ಬೇರೆ ದೇಶಗಳು ಈ ಅಂತರ ತುಂಬಿವೆ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ, ಬಿಡಿಯಾಗಿ ಮಾರುವ ಊಟಕ್ಕೂ ಹದಿನಾಲ್ಕು ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಕಡ್ಡಾಯ. ಗ್ಲುಟೆನ್ ಇರುವ ಧಾನ್ಯ, ಹಾಲು ಎರಡೂ ಆ ಪಟ್ಟಿಯಲ್ಲಿವೆ. ಪಾಸ್ತಾ, ಪಿಜ್ಜಾಗಳ ಇಟಲಿ 2005ರಲ್ಲೇ ಕಾನೂನು ಮಾಡಿ ಶಾಲೆ, ಆಸ್ಪತ್ರೆಗಳಂಥ ಸಾರ್ವಜನಿಕ ಊಟದ ಮನೆಗಳಲ್ಲಿ ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಕೊಡಬೇಕೆಂದಿತು. ಗೋಧಿಯನ್ನೇ ಉಂಡು ಬೆಳೆದ ದೇಶ ಗೋಧಿ ಉಣ್ಣಲಾರದವರ ಜವಾಬ್ದಾರಿ ಹೊತ್ತದ್ದು ದೆಹಲಿಗೆ ಒಳ್ಳೆಯ ಮೇಲ್ಪಂಕ್ತಿ. ಅಲ್ಲಿ ಎಲ್ಲವೂ ಸುಸೂತ್ರ ಎಂದೇನಲ್ಲ. ವಿಮಾನದಲ್ಲಿ ಗ್ಲುಟೆನ್ ಇಲ್ಲದ ಊಟಕ್ಕೂ ಲ್ಯಾಕ್ಟೋಸ್ ಕಡಿಮೆ ಇರುವ ಊಟಕ್ಕೂ ಬೇರೆ ಬೇರೆ ಸಂಕೇತಗಳಿವೆ, ಸಾಮಾನ್ಯವಾಗಿ ಒಬ್ಬರಿಗೆ ಒಂದನ್ನೇ ಆರಿಸಲು ಸಾಧ್ಯ. ಎರಡೂ ಬೇಕಾದವರು ಪ್ರಪಂಚದ ಯಾವ ಮೂಲೆಗೆ ಹೊರಟರೂ ಬುತ್ತಿ ಒಯ್ಯಲೇಬೇಕು.

ಸುಧಾರಣೆ ಎಲ್ಲಿಂದ ಶುರುವಾಗಬೇಕು? ಬೀದಿಯ ಗಾಡಿಯಿಂದಲ್ಲ, ಸಾರ್ವಜನಿಕ ಹಣದಲ್ಲಿ ನಡೆಯುವ ಅಡುಗೆಮನೆಗಳಿಂದ. ಆಸ್ಪತ್ರೆಗಳ ಕ್ಯಾಂಟೀನುಗಳು ಮೊದಲು ಬರಲಿ, ಏಕೆಂದರೆ ಗೋಧಿ ಬಿಡಿ ಎಂದು ವೈದ್ಯರು ಹೇಳುವ ಆವರಣದಲ್ಲೇ ಏನು ತಿನ್ನಬೇಕೆಂದು ತಿಳಿಯದೆ ರೋಗಿ ಹಸಿದು ನಿಲ್ಲಬಾರದು. ಎರಡು ರಾತ್ರಿ ಪ್ರಯಾಣಿಕರಿಗೆ ಉಣಿಸುವ ರೈಲುಗಳು ಬರಲಿ. ಸರೋಜಿನಿ ನಗರದಿಂದ ಒಂದೇ ಮೆಟ್ರೋ ನಿಲ್ದಾಣದಾಚೆ ಇರುವ ದಿಲ್ಲಿ ಹಾಟ್‌ನ ರಾಜ್ಯವಾರು ಮಳಿಗೆಗಳು ಬರಲಿ. ಆಹಾರ ಪ್ರಾಧಿಕಾರವು ಹೋಟೆಲಿನವರಿಗೂ ಬೀದಿ ವ್ಯಾಪಾರಿಗಳಿಗೂ ಈಗಾಗಲೇ ಕೊಡುತ್ತಿರುವ ತರಬೇತಿಯಲ್ಲಿ ಗೋಧಿ, ಹಾಲು, ಇಂಗು, ಒಂದೇ ಎಣ್ಣೆಯ ಬಗ್ಗೆ ಒಂದು ಗಂಟೆಯ ಪಾಠ ಸೇರಲಿ.

ಕನ್ನಡಿಗರಾಗಿ ನಾವು ಕೇಳಬೇಕಾದ್ದು ಇನ್ನೂ ಹತ್ತಿರದ್ದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದದ್ದು ಭಾರತದ ಪ್ರಸ್ತಾವದಿಂದ. ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ನಮ್ಮದು. ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ಬಸ್ಸಾರು: ಗೋಧಿಯೂ ಹಾಲೂ ಇಲ್ಲದೆ ಹೊಟ್ಟೆ ತುಂಬಿಸಬಲ್ಲ ಇಂಥ ಅಡುಗೆ ದೇಶದ ರಾಜಧಾನಿಯಲ್ಲಿ ಅತ್ಯಂತ ಬೇಕಾದ ಕಾಲದಲ್ಲಿ, ಅದನ್ನು ಪೌಷ್ಟಿಕ ಎಂದು ಹೊಗಳಿ ಸುಮ್ಮನಿರುವುದು ಸಾಲದು. ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಬರೆದಿಟ್ಟಾಗಲೇ ಅದು ರೋಗಿಯ ಕೈಗೆಟುಕುವ ಅನ್ನವಾಗುತ್ತದೆ. ಚಾಣಕ್ಯಪುರಿಯ ಕರ್ನಾಟಕ ಭವನದ ಊಟದ ಮನೆಯಲ್ಲಿ ಪ್ರತಿ ತಿಂಡಿಯ ಎದುರು ಗೋಧಿ, ಹಾಲು, ಇಂಗು ಎಂದು ಮೂರು ಕಾಲಂ ಇರುವ ಒಂದು ಹಲಗೆ ನೇತುಹಾಕಲು ಸಂಸತ್ತಿನ ಕಾಯ್ದೆ ಬೇಕಿಲ್ಲ, ಬಜೆಟ್ಟಿನಲ್ಲಿ ಹಣ ಬೇಕಿಲ್ಲ, ಒಬ್ಬ ಅಧಿಕಾರಿಯ ಆದೇಶ ಸಾಕು. ಕನ್ನಡ, ಹಿಂದಿ ಎರಡರಲ್ಲೂ ಇರಲಿ. ಅದರಿಂದ ಉಪಕಾರವಾಗುವುದು ನಮ್ಮವರಿಗೆ ಮಾತ್ರವಲ್ಲ, ನೂರಕ್ಕೊಬ್ಬರಂತೆ ಈ ಕಾಯಿಲೆ ಇರುವ ಉತ್ತರದವರಿಗೂ. ದೆಹಲಿಯ ಕನ್ನಡ ಸಂಘಟನೆಗಳು ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಮುಂದಿಡಬೇಕು. ಒಂದು ಸರ್ಕಾರಿ ಅಡುಗೆಮನೆ ತನ್ನ ತಟ್ಟೆಯಲ್ಲಿ ಏನಿದೆ ಎಂದು ಹೇಳಿಬಿಟ್ಟರೆ, ಪಕ್ಕದ ಅಡುಗೆಮನೆಗೆ ಹೇಳಲಾಗದು ಎನ್ನಲು ಕಾರಣ ಉಳಿಯುವುದಿಲ್ಲ.